ಬೆಟ್ಟದ ನೆಲ್ಲಿ, ಕಡಲಾಚೆಯ ಕೆಂಪು ಹಣ್ಣು

ಕಾರ್ತಿಕ ಮಾಸ ಬಂತೆಂದರೆ ಕನ್ನಡನಾಡಿನ ಮನೆಗಳಲ್ಲಿ ನೆಲ್ಲಿಕಾಯಿಗೆ ಮರ್ಯಾದೆ ಹೆಚ್ಚುತ್ತದೆ. ಉತ್ಥಾನ ದ್ವಾದಶಿಯ ಸಂಜೆ ತುಳಸಿಯ ಮಗ್ಗುಲಲ್ಲಿ ಕಾಯಿಬಿಟ್ಟ ನೆಲ್ಲಿಯ ಕೊಂಬೆಯೊಂದು ನಿಲ್ಲಬೇಕು; ನೆಲ್ಲಿಕಾಯಿಯ ತಲೆಯನ್ನು ಕೊರೆದು ತುಪ್ಪದ ಬತ್ತಿಯಿಟ್ಟು ದೀಪ ಹಚ್ಚಬೇಕು. ಪೂಜೆ ಮುಗಿದ ಮಾರನೆಯ ದಿನದಿಂದ ಅದೇ ಕಾಯಿ ದೇವರ ಮನೆಯಿಂದ ಅಡುಗೆಮನೆಗೆ ನಡೆದುಬಂದು ಚಿತ್ರಾನ್ನವಾಗಿ, ತಂಬುಳಿಯಾಗಿ, ತೊಕ್ಕಾಗಿ, ಕಡೆಗೆ ವರ್ಷವಿಡೀ ಬಾಳುವ ಉಪ್ಪಿನಕಾಯಿಯಾಗಿ ಭರಣಿ ಸೇರುತ್ತದೆ.

ಯಳಂದೂರು ತಾಲ್ಲೂಕಿನ ಬಯಲಿನಲ್ಲಿ ಅಗರದ ಜೊತೆಯೂರಾಗಿ ಬೆಳೆದಿರುವ ಮಾಂಬಳ್ಳಿಯಂಥ ಊರುಗಳಿಗೆ ಈ ನೆಲ್ಲಿ ದೂರದ ಸರಕಲ್ಲ. ಬಯಲಿನಂಚಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು ಗೋಡೆಯಂತೆ ಎದ್ದುನಿಂತಿದೆ. ಅದರ ಎಲೆಯುದುರುವ ಕಾಡುಗಳಲ್ಲಿ ನೆಲ್ಲಿ ತಾನಾಗಿಯೇ ಬೆಳೆಯುತ್ತದೆ. ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ನಂಟು ಬೆಸೆಯುವ ಮಾತು ಕನ್ನಡದಲ್ಲಿ ಬಹು ಹಳೆಯದು. ಆ ನಂಟು ಈಗ ಕಡಲನ್ನು ದಾಟಿ ಇನ್ನೂ ಮುಂದಕ್ಕೆ ಹಬ್ಬಿದೆ. ಕಾರ್ತಿಕದ ಆ ದಿನಗಳಲ್ಲೇ, ಅಂದರೆ ನವೆಂಬರ್ ತಿಂಗಳಲ್ಲಿ, ಅಮೆರಿಕದ ಅಂಗಡಿಗಳಲ್ಲಿ ಮಾಣಿಕ್ಯದಂತೆ ಹೊಳೆಯುವ ಕೆಂಪು ಹಣ್ಣೊಂದು ರಾಶಿರಾಶಿಯಾಗಿ ಬಂದಿಳಿಯುತ್ತದೆ. ಅದರ ಹೆಸರು ಕ್ರಾನ್‌ಬೆರಿ. ನೆಲ್ಲಿಕಾಯಿ ಸುಲಭವಾಗಿ ಸಿಗದ ಆ ನಾಡಿನಲ್ಲಿ ನೆಲೆಸಿದ ಕನ್ನಡದ ಗೃಹಿಣಿಯರು ಹುಳಿಯ ಆಸೆಯನ್ನು ತೀರಿಸಿಕೊಂಡದ್ದು ಈ ಹಣ್ಣಿನಿಂದಲೇ.

ಜೌಗು ನೆಲದ ಬಳ್ಳಿ

ಕ್ರಾನ್‌ಬೆರಿ ಉತ್ತರ ಅಮೆರಿಕದ ಮೂಲ ನಿವಾಸಿ. ಮರವಲ್ಲ, ಪೊದೆಯೆಂದರೂ ಸಲ್ಲದು. ಹುಳಿಯಂಶ ಹೆಚ್ಚಾದ ಮರಳುಮಿಶ್ರಿತ ಜೌಗು ನೆಲದಲ್ಲಿ ಹರಿದುಕೊಂಡು ಬೆಳೆಯುವ ತಗ್ಗಿನ ಬಳ್ಳಿ. ನಮ್ಮ ನಾಡಿನಲ್ಲಿ ಇದು ಬೆಳೆಯಾಗಿ ನೆಲೆಗೊಂಡಿಲ್ಲ. ಆದರೆ ಇದರ ಕುಲಬಾಂಧವ ಗಿಡಗಳು ನೀಲಗಿರಿಯಂಥ ದಕ್ಷಿಣದ ಎತ್ತರದ ಬೆಟ್ಟಗಳ ಶೋಲೆ ಕಾಡುಗಳಲ್ಲಿವೆಯೆಂಬುದು ಸಸ್ಯಶಾಸ್ತ್ರಜ್ಞರಿಗೆ ತಿಳಿದ ಸಂಗತಿ.

ಬಿಳಿಯರು ಆ ಖಂಡಕ್ಕೆ ಕಾಲಿಡುವ ಮುನ್ನವೇ ಅಲ್ಲಿಯ ಮೂಲ ಜನಾಂಗಗಳು ಈ ಹಣ್ಣನ್ನು ಬಳಸುತ್ತಿದ್ದರು. ಒಣಗಿಸಿದ ಮಾಂಸ, ಕೊಬ್ಬು ಮತ್ತು ಹಣ್ಣುಗಳನ್ನು ಕುಟ್ಟಿ ಕಲಸಿ ಚಳಿಗಾಲದ ಬುತ್ತಿ ಕಟ್ಟುವುದು ಅವರ ಪದ್ಧತಿ. ಬೇಸಾಯವಾಗಿ ಇದು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಪ್ ಕಾಡ್ ತೀರದಲ್ಲಿ ಹೆನ್ರಿ ಹಾಲ್ ಎಂಬ ಮಾಜಿ ಸೈನಿಕನು, ಗಾಳಿಗೆ ಹಾರಿಬಂದ ಮರಳು ಮುಚ್ಚಿಕೊಂಡ ಕಡೆಗಳಲ್ಲಿ ಬಳ್ಳಿ ಮತ್ತಷ್ಟು ಹುಲುಸಾಗಿ ಬೆಳೆಯುವುದನ್ನು ಗಮನಿಸಿ, ೧೮೧೬ರ ಸುಮಾರಿಗೆ ಅದನ್ನು ನೆಟ್ಟು ಬೆಳೆಸತೊಡಗಿದನು. ಇಂದು ಆ ದೇಶದಲ್ಲಿ ಅತಿ ಹೆಚ್ಚು ಕ್ರಾನ್‌ಬೆರಿ ಬೆಳೆಯುವುದು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ.

ಈ ಹಣ್ಣಿನ ಕೊಯ್ಲು ನೋಡತಕ್ಕ ದೃಶ್ಯ. ಹಣ್ಣಿನ ಒಳಗೆ ಗಾಳಿ ತುಂಬಿದ ನಾಲ್ಕು ಪುಟ್ಟ ಕೋಣೆಗಳಿವೆ. ಆದ್ದರಿಂದ ಗದ್ದೆಗೆ ನೀರು ಕಟ್ಟಿ ಬಳ್ಳಿಯನ್ನು ಕಲಕಿದರೆ ಹಣ್ಣುಗಳು ಕಳಚಿಕೊಂಡು ತೇಲುತ್ತವೆ. ಇಡೀ ಗದ್ದೆ ಕುಂಕುಮದ ಕೆರೆಯಂತೆ ಕಾಣುತ್ತದೆ. ಹೀಗೆ ತೇಲಿಸಿ ಬಾಚಿದ ಹಣ್ಣು ಹೆಚ್ಚಾಗಿ ರಸಕ್ಕೂ ಡಬ್ಬಿಯ ಸಾಸಿಗೂ ಹೋದರೆ, ನೀರು ಸೋಕಿಸದೆ ಬಿಡಿಸಿದ ಹಣ್ಣು ತಾಜಾ ಮಾರಾಟಕ್ಕೆ ಬರುತ್ತದೆ.

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕನ್ನರು ಆಚರಿಸುವ ಕೃತಜ್ಞತಾ ಹಬ್ಬದ ಊಟಕ್ಕೆ ಕ್ರಾನ್‌ಬೆರಿ ಸಾಸ್ ಇಲ್ಲದಿದ್ದರೆ, ನಮ್ಮ ಯುಗಾದಿಗೆ ಬೇವುಬೆಲ್ಲ ಇಲ್ಲದಂತೆಯೇ. ಮಾರ್ಕಸ್ ಯೂರನ್ ಎಂಬ ವಕೀಲರು ೧೯೧೨ರಲ್ಲಿ ಸಾಸನ್ನು ಡಬ್ಬಿಗಳಲ್ಲಿ ತುಂಬಿ ಮಾರಲು ಆರಂಭಿಸಿದ ಮೇಲೆ ಅನೇಕರು ಡಬ್ಬಿಯನ್ನೇ ನೆಚ್ಚಿಕೊಂಡರು. ಆದರೆ ಮನೆಯಲ್ಲಿ ಕುದಿಸಿದ ಸಾಸಿನ ರುಚಿ ಬೇರೆಯೇ. ಅದಕ್ಕೆ ತಗಲುವ ಹೊತ್ತು ಕಾಲು ಗಂಟೆಯನ್ನು ಮೀರುವುದಿಲ್ಲ.

ಸಾಸು ತಾನೇ ಗಟ್ಟಿಯಾಗುವ ಗುಟ್ಟು

ಅಲ್ಲಿಯ ಅಂಗಡಿಗಳಲ್ಲಿ ತಾಜಾ ಹಣ್ಣು ಸಾಮಾನ್ಯವಾಗಿ ೩೪೦ ಗ್ರಾಮಿನ ಚೀಲಗಳಲ್ಲಿ ದೊರೆಯುತ್ತದೆ. ಒಂದು ಚೀಲ ಹಣ್ಣಿಗೆ ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು. ಇದೇ ಮೂಲ ಅಳತೆ. ಮೊದಲು ಸಕ್ಕರೆ ನೀರನ್ನು ಕುದಿಸಿ, ತೊಳೆದು ಮೆತ್ತಗಾದ ಹಣ್ಣುಗಳನ್ನು ಆರಿಸಿ ತೆಗೆದ ಹಣ್ಣನ್ನು ಅದಕ್ಕೆ ಸುರಿಯಬೇಕು. ಎರಡು ಮೂರು ನಿಮಿಷಗಳಲ್ಲಿ ಹಣ್ಣುಗಳು ಒಗ್ಗರಣೆಯ ಸಾಸಿವೆಯಂತೆ ಪಟಪಟನೆ ಒಡೆಯತೊಡಗುತ್ತವೆ. ಉರಿ ತಗ್ಗಿಸಿ, ಆಗಾಗ ಕೈಯಾಡಿಸುತ್ತ ಹತ್ತು ನಿಮಿಷ ಬೇಯಿಸಿದರೆ ಮುಗಿಯಿತು. ಒಲೆಯ ಮೇಲಿರುವಾಗ ತೆಳ್ಳಗೆ ಕಂಡರೂ ಗಾಬರಿಯಾಗಬೇಕಿಲ್ಲ. ಆರಿದ ಮೇಲೆ ಅದು ತಾನಾಗಿ ಬಿಗಿದುಕೊಳ್ಳುತ್ತದೆ.

ಹಿಟ್ಟು ಹಾಕದೆ ಹೀಗೆ ಗಟ್ಟಿಯಾಗುವುದಕ್ಕೆ ಕಾರಣ ಪೆಕ್ಟಿನ್ ಎಂಬ ವಸ್ತು. ಹಣ್ಣಿನ ಜೀವಕೋಶಗಳ ಗೋಡೆಗಳನ್ನು ಅಂಟಿನಂತೆ ಹಿಡಿದಿಡುವುದು ಇದೇ. ಶಾಖಕ್ಕೂ ಹುಳಿಗೂ ಸಿಕ್ಕಿದಾಗ ಇದು ಕರಗಿ ರಸಕ್ಕಿಳಿಯುತ್ತದೆ. ಸಕ್ಕರೆಯು ನೀರನ್ನು ತನ್ನ ಕಡೆಗೆ ಸೆಳೆದುಕೊಂಡಾಗ ಪೆಕ್ಟಿನ್‌ನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ರಸವೆಲ್ಲ ಆ ಬಲೆಯಲ್ಲಿ ಸಿಕ್ಕಿ ನಿಲ್ಲುತ್ತದೆ. ಪೆಕ್ಟಿನ್, ಹುಳಿ, ಸಕ್ಕರೆ ಈ ಮೂರೂ ಹದವಾಗಿ ಕೂಡಿದ ಕಡೆ ಜೆಲ್ಲಿಯೋ ಜಾಮೋ ಆಗಲೇಬೇಕು. ಪೂರ್ತಿ ಮಾಗಿದ ಹಣ್ಣಿಗಿಂತ ದೋರೆಗಾಯಲ್ಲಿ ಪೆಕ್ಟಿನ್ ಹೆಚ್ಚು. ಆದ್ದರಿಂದಲೇ ಜಾಣ ಗೃಹಿಣಿಯು ಜೆಲ್ಲಿಗೆಂದು ಹಣ್ಣು ಕೊಳ್ಳುವಾಗ ಕೆಲವು ಅರೆಮಾಗಿದವನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಕ್ರಾನ್‌ಬೆರಿಯಲ್ಲಿ ಪೆಕ್ಟಿನ್ನೂ ಹುಳಿಯೂ ಹುಟ್ಟಿನಿಂದಲೇ ಇವೆ. ಮೇಲಾಗಿ ಬೂಷ್ಟು ಬೆಳೆಯದಂತೆ ತಡೆಯುವ ಬೆಂಜೋಯಿಕ್ ಆಮ್ಲವೂ ಇರುವುದರಿಂದ ಈ ಹಣ್ಣು ಬೇಗ ಕೆಡುವುದಿಲ್ಲ.

ಮೂತ್ರಕೋಶದ ಸೋಂಕಿಗೆ ಈ ಹಣ್ಣು ಒಳ್ಳೆಯದೆಂಬ ಖ್ಯಾತಿಯಿದೆ. ಪದೇ ಪದೇ ಬರುವ ಸೋಂಕನ್ನು ಕೆಲವರಲ್ಲಿ ಕಡಿಮೆ ಮಾಡಲು ಇದು ನೆರವಾಗಬಹುದೆಂದು ಸಂಶೋಧನೆಗಳು ಹೇಳುತ್ತವೆಯಾದರೂ, ಬಂದ ಕಾಯಿಲೆಗೆ ಇದೇ ಚಿಕಿತ್ಸೆಯೆಂದು ನಂಬಿ ವೈದ್ಯರನ್ನು ಕಾಣದಿರುವುದು ತಪ್ಪು.

ಗೊಜ್ಜಾದ ಕ್ರಾನ್‌ಬೆರಿ

ಕನ್ನಡದ ನಾಲಿಗೆಗೆ ಬರಿಯ ಸಿಹಿಹುಳಿ ಸಾಲದು. ಖಾರವೂ ಇಂಗಿನ ಘಮವೂ ಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಈ ಹಣ್ಣನ್ನು ಹುಣಿಸೆ, ನೆಲ್ಲಿ, ಮಾವಿನಕಾಯಿಗಳ ಸ್ಥಾನದಲ್ಲಿ ಕೂರಿಸಿಕೊಂಡು ಗೊಜ್ಜು, ಚಿತ್ರಾನ್ನ, ತೊಕ್ಕು, ಉಪ್ಪಿನಕಾಯಿ ಎಲ್ಲವನ್ನೂ ಮಾಡುತ್ತಿವೆ.

ಗೊಜ್ಜಿಗೆ ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ ಒಗ್ಗರಣೆ ಸಿಡಿಸಬೇಕು. ಅದಕ್ಕೆ ಎರಡು ಬಟ್ಟಲು ಹಣ್ಣು, ಚಿಟಿಕೆ ಅರಿಶಿನ, ಅರ್ಧ ಬಟ್ಟಲು ನೀರು ಸೇರಿಸಿ ಹಣ್ಣೆಲ್ಲ ಒಡೆಯುವವರೆಗೆ ಬೇಯಿಸಬೇಕು. ಬಳಿಕ ಎರಡು ಚಮಚ ಸಾರಿನ ಪುಡಿ, ದೊಡ್ಡ ನಿಂಬೆಗಾತ್ರದ ಎರಡು ಉಂಡೆ ಬೆಲ್ಲ, ರುಚಿಗೆ ಉಪ್ಪು ಹಾಕಿ ಕುದಿಸಿ, ಇಳಿಸುವ ಮುನ್ನ ಹುರಿದ ಎಳ್ಳಿನ ಪುಡಿಯನ್ನು ಬೆರೆಸಿದರೆ ಅನ್ನಕ್ಕೂ ದೋಸೆಗೂ ಒಗ್ಗುವ ಗೊಜ್ಜು ಸಿದ್ಧ. ಚಿತ್ರಾನ್ನಕ್ಕಾದರೆ ಹಣ್ಣನ್ನು ಬೇಯಿಸದೆ, ತೆಂಗಿನತುರಿ, ಸಾಸಿವೆ, ಹಸಿಮೆಣಸಿನಕಾಯಿಗಳೊಂದಿಗೆ ತರಿಯಾಗಿ ರುಬ್ಬಿ, ಮಾವಿನಕಾಯಿ ಚಿತ್ರಾನ್ನದ ಕ್ರಮದಲ್ಲೇ ಒಗ್ಗರಣೆಯಲ್ಲಿ ಬಾಡಿಸಿ ಅನ್ನಕ್ಕೆ ಕಲಸಬೇಕು. ಅನ್ನ ನಸುಗೆಂಪಾಗಿ ಕಣ್ಣಿಗೂ ಹಬ್ಬವಾಗುತ್ತದೆ.

ನಮ್ಮ ಕೆಂಪು, ನಮ್ಮ ಹಸಿರು

ಕ್ರಾನ್‌ಬೆರಿಯ ಸಾಸು ಮಾಡಬೇಕೆಂದು ಇಲ್ಲಿರುವವರು ದುಬಾರಿ ಬೆಲೆ ತೆತ್ತು ಹೊರನಾಡಿನ ಒಣಹಣ್ಣನ್ನು ತರಿಸಬೇಕಾದ ಅಗತ್ಯವಿಲ್ಲ. ಬಣ್ಣ, ಹುಳಿ, ಪೆಕ್ಟಿನ್ ಮೂರರಲ್ಲಿಯೂ ಅದಕ್ಕೆ ಸರಿಸಾಟಿಯಾಗಿ ನಿಲ್ಲುವ ಹಣ್ಣು ನಮ್ಮ ಕುರುಚಲು ಕಾಡುಗಳಲ್ಲೇ ಇದೆ. ಅದೇ ಕವಳೆ, ಕರಾವಳಿಯಲ್ಲಿ ಇದನ್ನು ಕರಂಡೆ ಎನ್ನುತ್ತಾರೆ. ಮುಳ್ಳಿನ ಪೊದೆ, ಮುರಿದರೆ ಒಸರುವ ಬಿಳಿ ಹಾಲು, ಹಸಿರಿನಿಂದ ನಸುಗೆಂಪಿಗೆ, ಕೆಂಪಿನಿಂದ ಕಡುನೇರಳೆಗೆ ತಿರುಗುವ ಹಣ್ಣು. ಕೇಕುಗಳ ಮೇಲೆ ಚೆರಿಯೆಂದು ಇಡುವ ಕೆಂಪು ಗುಂಡುಗಳಲ್ಲಿ ಎಷ್ಟೋ ಬಾರಿ ಬಣ್ಣ ಕಟ್ಟಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳೆಕಾಯಿಯೇ ಇರುತ್ತದೆಂಬುದು ಅನೇಕರಿಗೆ ತಿಳಿಯದು.

ಕವಳೆಯ ಸಾಸಿಗೆ ಅರ್ಧ ಕಿಲೋ ಹಣ್ಣಿನಲ್ಲಿ ಎರಡು ಪಾಲು ಕೆಂಪಾದವೂ ಒಂದು ಪಾಲು ದೋರೆಯೂ ಇರಲಿ. ಹಾಲಿನ ಅಂಟು ಬಿಡುವಂತೆ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಎರಡು ಮೂರು ಬಾರಿ ತೊಳೆಯಬೇಕು. ಮುಳುಗುವಷ್ಟು ನೀರಿಟ್ಟು ಕಾಲು ಗಂಟೆ ಬೇಯಿಸಿ, ಕಿವುಚಿ, ಜರಡಿಯಲ್ಲಿ ಸೋಸಿದರೆ ಸಿಪ್ಪೆ ಬೀಜಗಳು ಹಿಂದುಳಿಯುತ್ತವೆ. ಬಂದ ತಿರುಳನ್ನು ಅಳೆದು, ನಾಲ್ಕು ಬಟ್ಟಲಿಗೆ ಮೂರು ಬಟ್ಟಲಿನಂತೆ ಸಕ್ಕರೆ ಸೇರಿಸಿ, ಜಜ್ಜಿದ ಶುಂಠಿ, ಒಂದು ಚೂರು ದಾಲ್ಚಿನ್ನಿ, ಚಿಟಿಕೆ ಉಪ್ಪು ಹಾಕಿ ಕುದಿಸಬೇಕು. ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ ತಟ್ಟೆಯನ್ನು ಓರೆ ಮಾಡಿದಾಗ ಅದು ಹರಿದೋಡದೆ ನಿಂತರೆ ಹದ ಬಂದಂತೆ.

ಕವಳೆ ಬೇಸಗೆಯ ಕೊನೆಗೆ ಬಂದರೆ ನೆಲ್ಲಿ ಚಳಿಗಾಲದ ಕಾಯಿ. ಇದರಲ್ಲಿ ಹುಳಿಯ ಜೊತೆಗೆ ಒಗರೂ ಇದೆ. ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣವನ್ನು ಕಂಡರೆ ಕಪ್ಪಾಗುವುದರಿಂದ ನೆಲ್ಲಿಯ ಪಾಕಕ್ಕೆ ಬಾಣಲೆ ಸ್ಟೀಲಿನದಾಗಿರಬೇಕು. ಅರ್ಧ ಕಿಲೋ ಕಾಯಿಯನ್ನು ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿದರೆ ಎಸಳುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಬೀಜ ತೆಗೆದು, ಮಸೆದು, ತಿರುಳಿನ ತೂಕದಷ್ಟೇ ಬೆಲ್ಲ ಸೇರಿಸಿ ಕಾಯಿಸುತ್ತ, ಹುರಿದ ಜೀರಿಗೆಯ ಪುಡಿ, ಅಚ್ಚಖಾರದ ಪುಡಿ, ಉಪ್ಪು ಹಾಕಿದರೆ ಸಿಹಿತೊಕ್ಕು ಆಗುತ್ತದೆ. ನೆಲ್ಲಿಯು ಸಿ ಅನ್ನಾಂಗದ ಗಣಿ. ಬೇಯಿಸುವಾಗ ಅದರಲ್ಲಿ ಒಂದಿಷ್ಟು ನಷ್ಟವಾಗುವುದು ಸಹಜ. ಆದ್ದರಿಂದ ಹಸಿಯ ತಂಬುಳಿಯನ್ನೂ ಆಗಾಗ ಮಾಡುವುದು ಒಳ್ಳೆಯದು.

ಯಾವ ಹಣ್ಣಿನದೇ ಆಗಲಿ, ಕಾಪಿಡುವ ನಿಯಮ ಒಂದೇ. ಗಾಜಿನ ಸೀಸೆಯನ್ನು ಕುದಿಯುವ ನೀರಿನಲ್ಲಿಟ್ಟು ತೆಗೆದು ಪೂರ್ತಿ ಒಣಗಿಸಬೇಕು. ಬಿಸಿಯಿರುವಾಗಲೇ ತುಂಬಿ ಮುಚ್ಚಬೇಕು. ಒದ್ದೆ ಚಮಚ ಒಳಗೆ ಹೋಗಬಾರದು. ನೂರಕ್ಕೆ ೬೫ ಭಾಗಕ್ಕೆ ಮೀರಿ ಸಕ್ಕರೆಯಿರುವ ಜಾಮು ಹೊರಗೆ ಇಟ್ಟರೂ ಬಾಳುತ್ತದೆ. ಇಲ್ಲಿ ಹೇಳಿದ ಸಾಸುಗಳಲ್ಲಿ ಸಕ್ಕರೆ ಅಷ್ಟಿಲ್ಲವಾದ್ದರಿಂದ ಅವನ್ನು ತಂಪುಪೆಟ್ಟಿಗೆಯಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದು ಕ್ಷೇಮ. ಹಣ್ಣು ತರಕಾರಿಗಳ ಸಂಸ್ಕರಣೆಯ ಶಾಸ್ತ್ರವನ್ನು ಬೆಳೆಸಿದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ೧೯೫೦ರಿಂದ ಮೈಸೂರಿನಲ್ಲೇ ಇದೆಯೆಂಬುದು ನಮ್ಮವರು ಹೆಮ್ಮೆಪಡಬೇಕಾದ ವಿಷಯ.

ಕಾಯಿ ಆಯುವ ಕೈಗಳು

ಭರಣಿಯ ಮುಚ್ಚಳ ತೆರೆದಾಗ ಮೂಗಿಗೆ ಬಡಿಯುವ ಪರಿಮಳದ ಹಿಂದೆ ಇನ್ನೊಂದು ಕಥೆಯಿದೆ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿಯನ್ನು ಆಯ್ದು ತರುವವರು ಸೋಲಿಗರು. ತಲೆತಲಾಂತರದಿಂದ ಆ ಕಾಡಿನ ಪೋಡುಗಳಲ್ಲಿ ಬಾಳಿಬಂದ ಜನ. ಜೇನು, ಪಾಸಿ, ಸೀಗೆ, ಅಂಟುವಾಳ, ನೆಲ್ಲಿ ಇವುಗಳನ್ನು ಸಂಗ್ರಹಿಸಿ ತಮ್ಮ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಒಪ್ಪಿಸಿ ಅವರು ಸಂಸಾರ ಸಾಗಿಸುತ್ತಿದ್ದರು. ಕಾಡಿನ ಉತ್ಪನ್ನಗಳಿಂದಲೇ ಅವರ ಆದಾಯದ ಸುಮಾರು ಅರ್ಧದಷ್ಟು ಬರುತ್ತಿತ್ತೆಂದು ೧೯೯೦ರ ದಶಕದ ಅಧ್ಯಯನಗಳು ತೋರಿಸಿದುವು. ಡಾ. ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು, ಕಾಯಿಯನ್ನು ಹಸಿಯಾಗಿಯೇ ಅಗ್ಗಕ್ಕೆ ಮಾರುವ ಬದಲು ಬೆಟ್ಟದಲ್ಲೇ ಉಪ್ಪಿನಕಾಯಿ, ಜಾಮುಗಳನ್ನಾಗಿ ಮಾಡಿ ಮಾರುವ ಪ್ರಯತ್ನಕ್ಕೂ ಕೈಹಾಕಿತು. ಮನೆಯೊಳಗೆ ಗೃಹಿಣಿ ಮಾಡುವ ಕೆಲಸವೇ ಅಲ್ಲಿ ಒಂದು ಸಮುದಾಯದ ಬದುಕಿನ ಪ್ರಶ್ನೆಯಾಯಿತು.

೧೯೭೪ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಸೋಲಿಗರ ಸ್ಥಳಾಂತರ ಬೇಸಾಯ, ಬೇಟೆ, ನೆಲದ ತರಗಿಗೆ ಹಚ್ಚುತ್ತಿದ್ದ ಬೆಂಕಿ ಎಲ್ಲವೂ ನಿಂತವು. ಅನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ೨೦೦೨ರಲ್ಲಿ ತಂದ ತಿದ್ದುಪಡಿಯ ಫಲವಾಗಿ, ೨೦೦೬ರ ಹೊತ್ತಿಗೆ ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಆಯುವುದಕ್ಕೂ ತಡೆ ಬಿತ್ತು. ಕಣ್ಣೆದುರು ನೆಲ್ಲಿ ತೂಗುತ್ತಿದ್ದರೂ ಕೈಚಾಚುವಂತಿಲ್ಲದ ಜನ ಕಾಫಿ ತೋಟಗಳಿಗೂ ದೂರದ ಊರುಗಳಿಗೂ ಕೂಲಿ ಅರಸಿ ಹೋದರು. ಅದೇ ೨೦೦೬ರಲ್ಲಿ ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಹೊಸ ಬಾಗಿಲೊಂದನ್ನು ತೆರೆಯಿತು. ೨೦೧೧ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸುಮಾರು ೨೫ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರಗಳೂ ದೊರೆತವು. ಹುಲಿಯ ಕಾಡಿನಲ್ಲಿಯೇ ಜನರ ಹಕ್ಕಿಗೂ ಮನ್ನಣೆ ದೊರೆತ ಈ ನಿದರ್ಶನ ದೇಶದ ಗಮನ ಸೆಳೆಯಿತು.

ಹಕ್ಕು ಬಂದರೂ ಮರಕ್ಕೆ ಬಂದ ಕುತ್ತು ತೊಲಗಿಲ್ಲ. ನೆಲ್ಲಿಯ ಕೊಂಬೆಗಳ ಮೇಲೆ ಬೇರೂರಿ ಅದರ ಸಾರವನ್ನು ಹೀರುವ ಬಂದಳಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಅದರ ಹಣ್ಣನ್ನು ತಿಂದ ಹಕ್ಕಿಗಳು ಅಂಟಿನ ಬೀಜವನ್ನು ಕೊಂಬೆಯಿಂದ ಕೊಂಬೆಗೆ ದಾಟಿಸುತ್ತವೆ. ಉಪ್ಪಿಲು ಹತ್ತಿದ ಮರ ಕಾಯಿ ಬಿಡುವುದನ್ನು ಕಡಿಮೆ ಮಾಡಿ ಕ್ರಮೇಣ ಒಣಗುತ್ತದೆ. ನೆಲದಲ್ಲಿ ಲಂಟಾನದ ಪೊದೆ ದಟ್ಟವಾಗಿ ಹಬ್ಬಿ ಎಳೆಯ ಸಸಿಗಳಿಗೆ ಬೆಳಕನ್ನೇ ಬಿಡುವುದಿಲ್ಲ. ಬೇಸಗೆಯ ಮೊದಲಲ್ಲಿ ತಾವು ಹಚ್ಚುತ್ತಿದ್ದ ತರಗುಬೆಂಕಿ ಹಗುರವಾಗಿ ಹರಿದುಹೋಗಿ ಇವೆರಡನ್ನೂ ಹದ್ದಿನಲ್ಲಿಡುತ್ತಿತ್ತೆಂಬುದು ಸೋಲಿಗರ ಹಿರಿಯರ ಮಾತು. ಕಾಡಿಗೆ ಬೆಂಕಿಯೆಂದರೆ ಬೆಚ್ಚಿಬೀಳುತ್ತಿದ್ದ ವಿಜ್ಞಾನಿಗಳೂ ಈ ಮಾತಿನಲ್ಲಿ ತಿರುಳಿದೆಯೆಂದು ಒಪ್ಪಿ ಅಧ್ಯಯನ ನಡೆಸಿದ್ದಾರೆ.

ಕಾಯಿ ಆಯುವುದರಲ್ಲಿಯೂ ಧರ್ಮವಿದೆ. ಕೊಂಬೆ ಕಡಿದು ಉರುಳಿಸಿದರೆ ಒಂದೇ ದಿನದಲ್ಲಿ ಚೀಲ ತುಂಬೀತು. ಆದರೆ ಮುಂದಿನ ವರ್ಷ ಆ ಮರ ಬರಿದು. ಮರವನ್ನು ನೋಯಿಸದೆ ಉದುರಿಸಿ, ಒಂದಿಷ್ಟು ಕಾಯಿಯನ್ನು ಮರದಲ್ಲೇ ಬಿಟ್ಟರೆ, ಉದುರಿದ್ದನ್ನು ಕಡವೆ, ಜಿಂಕೆಗಳು ತಿಂದು ಬೀಜವನ್ನು ಬೇರೆಡೆಗೆ ಒಯ್ಯುತ್ತವೆ. ಹೊಸ ಗಿಡ ಹುಟ್ಟುತ್ತದೆ. ಹೀಗೆ ಕಾದು ಆಯ್ದ ಕಾಯಿಗೆ ತಕ್ಕ ಬೆಲೆ ದೊರೆತಾಗಲೇ ಕಾಯುವ ತಾಳ್ಮೆ ಉಳಿಯುತ್ತದೆ. ಬೆಲೆ ಕುಸಿದರೆ ಅವಸರ ಹೆಚ್ಚುತ್ತದೆ. ಅವಸರಕ್ಕೆ ಮೊದಲು ಬಲಿಯಾಗುವುದು ಕೊಂಬೆ.

ಪೇಟೆಯ ಗೃಹಿಣಿಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯಬೇಕಿಲ್ಲ. ಹೊಲದಲ್ಲಿ ಬೆಳೆಸಿದ ಕಸಿಯ ನೆಲ್ಲಿ ದಪ್ಪವಾಗಿ, ನುಣುಪಾಗಿ, ಅಂದವಾಗಿ ಕಾಣುತ್ತದೆ. ಕಾಡಿನ ನೆಲ್ಲಿ ಗಾತ್ರದಲ್ಲಿ ಚಿಕ್ಕದು, ಮೈಯಲ್ಲಿ ಕಲೆಯುಂಟು, ಒಗರೂ ಹೆಚ್ಚು. ಉಪ್ಪಿನಕಾಯಿಗೂ ತೊಕ್ಕಿಗೂ ಮಾತ್ರ ಅದೇ ಮೇಲೆಂದು ಬಲ್ಲವರು ಹೇಳುತ್ತಾರೆ. ಕಲೆ ಕಂಡು ಬದಿಗೆ ಸರಿಸದೆ, ಚೌಕಾಸಿಗೆ ಇಳಿಯದೆ, ಸೋಲಿಗರ ಸಂಘಗಳ ಸರಕು ಸಿಕ್ಕ ಕಡೆ ಅದನ್ನೇ ಆರಿಸಿಕೊಂಡರೆ ಬೆಟ್ಟದ ಮೇಲೆ ಒಂದು ಕೊಂಬೆ ಉಳಿದೀತು.

ಕಡಲಾಚೆಯ ಕನ್ನಡತಿ ಕ್ರಾನ್‌ಬೆರಿಗೆ ಒಗ್ಗರಣೆ ಹಾಕುವುದು ತನ್ನೂರಿನ ಹುಳಿಯನ್ನು ಮರೆಯಲಾರದೆ. ಆ ಹುಳಿಯ ಮರ ತನ್ನೂರಿನ ಬೆಟ್ಟದಲ್ಲಿ ನಿಂತಿರಬೇಕಾದರೆ, ಮಾಂಬಳ್ಳಿಯಲ್ಲೋ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರು ಈ ಕಾರ್ತಿಕದಲ್ಲಿ ಒಂದು ಸೇರು ಬೆಟ್ಟದ ನೆಲ್ಲಿಯನ್ನು ಮನೆಗೆ ತರಬೇಕು. ಭರಣಿ ತೊಳೆದು ಬಿಸಿಲಿಗಿಡಲು ಇದು ಸಕಾಲ.